ವೈರು ಕಟ್ಟಲು, ಸಣ್ಣ ರಿಪೇರಿಗೆ: ಯಾವ ಹಳೆ ಸಾಮಾನು ಎಲ್ಲಿಗೆ ಸರಿ?

ಮನೆಯಲ್ಲಿ ಎಸೆಯದೆ ಎತ್ತಿಟ್ಟ ಹಳೆ ಸಾಮಾನಿಗೆ ಬರ ಇರುವುದಿಲ್ಲ. ತೂತಾದ ಸೈಕಲ್ ಟ್ಯೂಬ್, ಖಾಲಿ ಬಾಟಲಿ, ಅವಧಿ ಮುಗಿದ ಎಟಿಎಂ ಕಾರ್ಡ್, ಹೊಸ ಚಾರ್ಜರಿನ ಜೊತೆ ಬಂದ ತಂತಿ ಟೈ, ಹರಿದ ಬ್ಯಾಗಿನ ವೆಲ್ಕ್ರೋ. ಇವೆಲ್ಲ ಏನನ್ನಾದರೂ ಕಟ್ಟುತ್ತವೆ, ಬಿಗಿಯುತ್ತವೆ, ಇಲ್ಲವೇ ಮುಚ್ಚುತ್ತವೆ. ತೊಂದರೆ ಶುರುವಾಗುವುದು ಕೈಗೆ ಸಿಕ್ಕಿದ್ದನ್ನೇ ಎಲ್ಲ ಕಡೆಗೂ ಬಳಸಿದಾಗ. ಟಿವಿ ಹಿಂದೆ ಹಾಕಿದ ರಬ್ಬರ್ ಬ್ಯಾಂಡ್ ಸ್ವಲ್ಪ ದಿನಕ್ಕೆ ಅಂಟಂಟಾಗಿ ವೈರಿಗೇ ಮೆತ್ತಿಕೊಳ್ಳುತ್ತದೆ. ಸಡಿಲ ಸ್ಕ್ರೂ ಕೆಳಗೆ ತುರುಕಿದ ಕಾಗದ ಎರಡೇ ವಾರಕ್ಕೆ ನುಣ್ಣಗೆ ಪುಡಿಯಾಗಿರುತ್ತದೆ. ಆಮೇಲೆ ಎಲ್ಲರೂ ಹೇಳುವುದು ಒಂದೇ: "ಈ ಜುಗಾಡ್ ಎಲ್ಲ ನಿಲ್ಲಲ್ಲ ಬಿಡಿ." ನಿಲ್ಲುತ್ತದೆ. ವಸ್ತು ತಪ್ಪಾಗಿತ್ತು, ಅಷ್ಟೇ.

ಹಾಗಾಗಿ "ಮನೆಯಲ್ಲಿ ಏನಿದೆ" ಎಂದು ಹುಡುಕುವ ಮೊದಲು ಆ ಕಟ್ಟು ಏನನ್ನು ತಡೆದುಕೊಳ್ಳಬೇಕು ಎಂದು ನೋಡಿ. ಮತ್ತೆ ಬಿಚ್ಚಬೇಕಾ? ಬಿಸಿಲು, ಬಿಸಿ, ನೀರು ತಾಗುತ್ತಾ? ಹಿಗ್ಗಿ ಕುಗ್ಗಬೇಕಾ, ಇಲ್ಲ ಅಲುಗಾಡದೆ ನಿಲ್ಲಬೇಕಾ? ಒಳಗೆ ಕರೆಂಟು ಹರಿಯುತ್ತಾ? ಇಷ್ಟಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದಂತೆ.

ಸೈಕಲ್ ಟ್ಯೂಬ್ ಮತ್ತು ರಬ್ಬರ್ ಬ್ಯಾಂಡ್

ಒಂದೇ ಒಂದು ಹಳೆ ವಸ್ತು ಇಟ್ಟುಕೊಳ್ಳಿ ಎಂದರೆ ನಾನು ಟ್ಯೂಬನ್ನೇ ಇಟ್ಟುಕೊಳ್ಳುತ್ತೇನೆ. ಹೆಚ್ಚಿನ ಸೈಕಲ್ ಟ್ಯೂಬ್‌ಗಳು ಬ್ಯುಟೈಲ್ ರಬ್ಬರಿನವು. 1937ರಲ್ಲಿ ಕಂಡುಹಿಡಿದ ಈ ಕೃತಕ ರಬ್ಬರ್ ಗಾಳಿಯನ್ನು ಸುಲಭಕ್ಕೆ ಹೊರಗೆ ಬಿಡುವುದಿಲ್ಲ. ಟ್ಯೂಬಿಗೆ ಇದು ಬಂದದ್ದೇ ಅದಕ್ಕೆ. ನಮಗೆ ಉಪಯೋಗವಾಗುವ ಗುಣ ಇನ್ನೊಂದಿದೆ. ಬಿಸಿಲಿಗೆ, ಗಾಳಿಯಲ್ಲಿರುವ ಓಜೋನಿಗೆ ಇದು ಬೇಗ ಸೋಲುವುದಿಲ್ಲ. ಮಾಮೂಲಿ ರಬ್ಬರ್ ಬ್ಯಾಂಡ್ ಹಾಗಲ್ಲ. ಅದು ನೈಸರ್ಗಿಕ ರಬ್ಬರಿನದು, ಮತ್ತು ಎಳೆದು ಹಿಗ್ಗಿಸಿಟ್ಟಾಗಲೇ ಓಜೋನ್ ಅದನ್ನು ಬೇಗ ಸೀಳುವುದು. ವೈರು ಕಟ್ಟುವುದೆಂದರೆ ಅದನ್ನು ತಿಂಗಳುಗಟ್ಟಲೆ ಎಳೆದಿಡುವುದೇ ಅಲ್ವಾ? ರಬ್ಬರ್ ಬ್ಯಾಂಡನ್ನು ಇವತ್ತು ಕಟ್ಟಿ ನಾಳೆ ಬಿಚ್ಚುವ ಕೆಲಸಕ್ಕೆ ಮಾತ್ರ ಇಟ್ಟುಕೊಳ್ಳಿ. ಅಂಟು ಹಾಕಿದ ಎರಡು ತುಂಡು ಒಣಗುವವರೆಗೆ ಒತ್ತಿ ಹಿಡಿಯಲು ಅದು ಚೆನ್ನಾಗಿದೆ.

ಟ್ಯೂಬನ್ನು ಕತ್ತರಿಸುವುದರಲ್ಲಿ ಎರಡು ದಾರಿ ಇದೆ, ಎರಡೂ ಬೇರೆ ಬೇರೆ ಕೆಲಸಕ್ಕೆ. ಅಡ್ಡಕ್ಕೆ ಕತ್ತರಿಸಿದರೆ ಉಂಗುರ ಸಿಗುತ್ತದೆ. 26 ಇಂಚಿನ ಸೈಕಲ್ಲಿನ ಟ್ಯೂಬ್ ಬಿಚ್ಚಿ ಹಾಸಿದರೆ ಸುಮಾರು 2 ಮೀಟರ್. ಒಂದೊಂದು ಸೆಂಟಿಮೀಟರ್ ಅಗಲಕ್ಕೆ ಕತ್ತರಿಸಿದರೂ 150ಕ್ಕೂ ಹೆಚ್ಚು ಉಂಗುರ. ಉದ್ದಕ್ಕೆ ಸೀಳಿದರೆ ಸುತ್ತಿ ಬಿಗಿಯುವ ಪಟ್ಟಿ ಸಿಗುತ್ತದೆ. ಮೊದಲು ಗಾಳಿ ತುಂಬುವ ವಾಲ್ವಿನ ಎರಡೂ ಕಡೆ ಕತ್ತರಿಸಿ ಆ ತುಂಡನ್ನು ತೆಗೆದುಬಿಡಿ. ಒಳಗೆ ಬಿಳಿ ಪುಡಿ ಇರುತ್ತದೆ, ಅದು ಟಾಲ್ಕ್. ಸೋಪಿನ ನೀರಲ್ಲಿ ತೊಳೆದು ಒಣಗಿಸದಿದ್ದರೆ ಪಟ್ಟಿ ಜಾರುತ್ತದೆ, ಕೈಯೂ ಕಪ್ಪಾಗುತ್ತದೆ. ಕತ್ತರಿ ಹರಿತವಾಗಿರಲಿ. ಅಂಚಿನಲ್ಲಿ ಸಣ್ಣದೊಂದು ಸೀಳು ಉಳಿದರೆ ಎಳೆದಾಗ ಅಲ್ಲಿಂದಲೇ ಹರಿಯುತ್ತದೆ.

ಉಂಗುರವನ್ನು ವೈರಿಗೆ ಸುಮ್ನೆ ತೊಡಿಸಬೇಡಿ, ಕುಣಿಕೆ ಹಾಕಿ. ಉಂಗುರವನ್ನು ಪ್ಲಗ್ಗಿನ ಹತ್ತಿರ ವೈರಿನ ಕೆಳಗೆ ಹಿಡಿಯಿರಿ. ಒಂದು ತುದಿಯನ್ನು ಇನ್ನೊಂದು ತುದಿಯ ಒಳಗಿಂದ ತೂರಿಸಿ ಎಳೆಯಿರಿ. ಈಗ ಅದು ವೈರಿಗೇ ಕಚ್ಚಿಕೊಂಡಿರುತ್ತದೆ. ವೈರನ್ನು ಸುರುಳಿ ಸುತ್ತಿ, ಹೊರಗೆ ಉಳಿದ ತುದಿಯನ್ನು ಸುರುಳಿಯ ಸುತ್ತ ತಂದು ಪ್ಲಗ್ಗಿಗೆ ಸಿಕ್ಕಿಸಿ. ಬಿಚ್ಚಿದಾಗಲೂ ಉಂಗುರ ವೈರಿನಲ್ಲೇ ನೇತಾಡುತ್ತಿರುತ್ತದೆ, ಕಳೆದುಹೋಗುವ ಮಾತೇ ಇಲ್ಲ. ತೆಳು ಇಯರ್‌ಫೋನಿಗೆ ಅರ್ಧ ಸೆಂಟಿಮೀಟರಿನ ಉಂಗುರ ಸಾಕು. ದಪ್ಪ ಎಕ್ಸ್‌ಟೆನ್ಷನ್ ವೈರಿಗೆ ಎರಡು ಸೆಂಟಿಮೀಟರ್ ಅಗಲ ಬೇಕು, ಉಂಗುರ ಚಿಕ್ಕದಾದರೆ ಉದ್ದನೆಯ ಪಟ್ಟಿಯನ್ನೇ ಬಳಸಿ.

ಟ್ಯೂಬಿಗೂ ದೋಷ ಇದೆ. ಎಣ್ಣೆ, ಪೆಟ್ರೋಲ್, ಗ್ರೀಸ್ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ, ಹಾಗಾಗಿ ಎಂಜಿನ್ ಹತ್ತಿರ ಬೇಡ. ಬಿಳಿ ವೈರಿಗೆ, ಬಿಳಿ ಗೋಡೆಗೆ, ತಿಳಿ ಬಣ್ಣದ ನೆಲಕ್ಕೆ ಕಪ್ಪು ಗುರುತು ಬಿಡುತ್ತದೆ. ವಾಸನೆ ಒಂದಷ್ಟು ದಿನ ಇರುತ್ತದೆ. ಇನ್ನೊಂದು, ರಬ್ಬರ್ ಎಂದ ಕೂಡಲೇ ಕರೆಂಟಿಗೆ ಸುರಕ್ಷಿತ ಎಂದುಕೊಳ್ಳುವವರು ಜಾಸ್ತಿ. ಟ್ಯೂಬಿಗೆ ಕಪ್ಪು ಬಣ್ಣ ಬರುವುದು ಅದರೊಳಗೆ ಬೆರೆಸಿದ ಕಾರ್ಬನ್ನಿನಿಂದ. ಕಾರ್ಬನ್ ಹೆಚ್ಚಿದ್ದರೆ ರಬ್ಬರ್ ಕೂಡ ಸ್ವಲ್ಪ ಮಟ್ಟಿಗೆ ಕರೆಂಟ್ ಹರಿಸಬಲ್ಲದು. ಆದ್ದರಿಂದ ಟ್ಯೂಬನ್ನು ಯಾವತ್ತೂ ಇನ್ಸುಲೇಷನ್ ಟೇಪಿನ ಬದಲಿಗೆ ಬಳಸಬೇಡಿ.

ಬಾಟಲಿ ಪಟ್ಟಿ: ಬಿಚ್ಚಬೇಕಿಲ್ಲದ ಕಡೆ

ನೀರಿನ, ಸೋಡಾದ ಪಾರದರ್ಶಕ ಬಾಟಲಿಗಳು ಪೆಟ್ ಪ್ಲಾಸ್ಟಿಕ್ಕಿನವು. ತಳದಲ್ಲಿ ತ್ರಿಕೋನದೊಳಗೆ 1 ಎಂಬ ಅಂಕಿ ಇರುತ್ತದೆ. ಇದನ್ನು ಸುರುಳಿಯಾಗಿ ಕತ್ತರಿಸಿದರೆ ಒಂದೇ ಎಳೆಯ ಉದ್ದನೆಯ ಪಟ್ಟಿ ಬರುತ್ತದೆ. ಲೆಕ್ಕ ಹಾಕಿ ನೋಡಿ. ಒಂದು ಬಾಟಲಿಯ ನೇರ ಭಾಗ 15 ಸೆಂ.ಮೀ. ಎತ್ತರ, ಸುತ್ತಳತೆ 25 ಸೆಂ.ಮೀ. ಇದೆ ಎಂದುಕೊಳ್ಳಿ. 5 ಮಿ.ಮೀ. ಅಗಲಕ್ಕೆ ಕತ್ತರಿಸಿದರೆ 30 ಸುತ್ತು, ಅಂದರೆ ಏಳೂವರೆ ಮೀಟರ್ ಪಟ್ಟಿ. ಮೈಮೇಲೆ ಏರುತಗ್ಗು ಇರುವ ಬಾಟಲಿ ಬೇಡ, ಪಟ್ಟಿಯ ಅಗಲ ಒಂದೇ ಸಮ ಬರುವುದಿಲ್ಲ. ನುಣುಪಾದ ಮೈಯ ಸೋಡಾ ಬಾಟಲಿ ಎಲ್ಲಕ್ಕಿಂತ ಒಳ್ಳೆಯದು.

ಕತ್ತರಿಯಲ್ಲಿ ಕತ್ತರಿಸಿದರೆ ಪಟ್ಟಿ ಅಂಕುಡೊಂಕಾಗುತ್ತದೆ. ಒಂದು ಮರದ ತುಂಡಿನಲ್ಲಿ ಗರಗಸದಿಂದ ನೇರವಾಗಿ ಒಂದು ಸೀಳು ಮಾಡಿ. ಆ ಸೀಳಿಗೆ ಅಡ್ಡವಾಗಿ, ಸೀಳಿನ ತಳದಿಂದ 5 ಮಿ.ಮೀ. ಮೇಲೆ, ಪೇಪರ್ ಕಟರಿನ ಬ್ಲೇಡನ್ನು ಗಟ್ಟಿಯಾಗಿ ಕೂರಿಸಿ. ಬಾಟಲಿಯ ತಳವನ್ನು ಕತ್ತರಿಸಿ ತೆಗೆದು, ಅಂಚನ್ನು ಸೀಳಿಗೆ ಇಳಿಸಿ, ಶುರುವಿನ ತುದಿಯನ್ನು ಎಳೆಯುತ್ತಾ ಹೋದರೆ ಬಾಟಲಿ ತಾನೇ ತಿರುಗುತ್ತಾ ಪಟ್ಟಿಯಾಗುತ್ತದೆ. ಬ್ಲೇಡಿನ ಕಡೆಗೆ ಬೆರಳು ಹೋಗದಂತೆ ದಪ್ಪ ಕೈಗವಸು ಹಾಕಿಕೊಳ್ಳಿ. ಪಟ್ಟಿಯ ಅಂಚೂ ಚರ್ಮ ಕೊಯ್ಯುವಷ್ಟು ಹರಿತ.

ಈ ಪಟ್ಟಿಗೆ ಗಂಟು ನಿಲ್ಲುವುದಿಲ್ಲ. ಜಾರುತ್ತದೆ, ಪುಟಿದು ಬಿಚ್ಚಿಕೊಳ್ಳುತ್ತದೆ. ಅದರ ನಿಜವಾದ ಬಲ ಬಿಸಿಯಲ್ಲಿದೆ. ಬಾಟಲಿ ಮಾಡುವಾಗ ಸಣ್ಣ ಕೊಳವೆಯಂಥ ತುಂಡನ್ನು ಬಿಸಿ ಮಾಡಿ, ಎಳೆದು, ಗಾಳಿ ಊದಿ ಹಿಗ್ಗಿಸಿರುತ್ತಾರೆ. 70ರಿಂದ 80 ಡಿಗ್ರಿ ಸೆಲ್ಸಿಯಸ್ ದಾಟಿ ಮತ್ತೆ ಬಿಸಿಯಾದರೆ ಅದು ಹಳೆ ಗಾತ್ರದ ಕಡೆಗೆ ಕುಗ್ಗುತ್ತದೆ. ಬಿರುಕು ಬಿಟ್ಟ ಸಲಿಕೆಯ ಹಿಡಿಗೆ ಪಟ್ಟಿ ಸುತ್ತಿ, ತುದಿಯನ್ನು ಸುತ್ತಿನ ಕೆಳಗೆ ಸಿಕ್ಕಿಸಿ, ಬಿಸಿ ಗಾಳಿ ತೋರಿಸಿದರೆ ಸುತ್ತುಗಳು ಮರವನ್ನು ಅಮುಕಿ ಹಿಡಿಯುತ್ತವೆ. ಪಟ್ಟಿಯೇ ಬೇಕೆಂದಿಲ್ಲ, ಬಾಟಲಿಯ ಒಂದು ಬಳೆಯನ್ನು ಹಾಗೇ ತೊಡಿಸಿಯೂ ಕುಗ್ಗಿಸಬಹುದು. ಹಾಟ್ ಏರ್ ಗನ್ ಇದ್ದರೆ ಕೆಲಸ ಸಲೀಸು. ಇಲ್ಲದಿದ್ದರೆ ಕುದಿಯುವ ನೀರನ್ನು ನಿಧಾನಕ್ಕೆ ಸುರಿದರೂ ಸಾಕಷ್ಟು ಕುಗ್ಗುತ್ತದೆ. ತಲೆ ಒಣಗಿಸುವ ಹೇರ್ ಡ್ರೈಯರಿಗೆ ಆ ಬಿಸಿ ಬರುವುದು ಕಷ್ಟ. ಮೇಣದಬತ್ತಿ, ಲೈಟರ್ ಬೇಡ. ಒಂದು ಕಡೆ ಕರಗಿ ಕಪ್ಪಾಗುತ್ತದೆ, ಪಕ್ಕದಲ್ಲಿ ಕುಗ್ಗಿಯೇ ಇರುವುದಿಲ್ಲ.

ಹೀಗೆ ಕುಗ್ಗಿಸಿದ್ದನ್ನು ಬಿಚ್ಚಬೇಕೆಂದರೆ ಕತ್ತರಿಸಲೇಬೇಕು. ಹಾಗಾಗಿ ಟ್ಯೂಬಾ ಬಾಟಲಿಯಾ ಎಂಬ ಪ್ರಶ್ನೆಗೆ ಉತ್ತರ ಸುಲಭ. ಬಿಚ್ಚಿ ಕಟ್ಟುವ ಕಡೆ, ಅಲುಗಾಟ ಇರುವ ಕಡೆ ಟ್ಯೂಬ್. ಮರ, ಪೈಪಿನಂಥ ಗಟ್ಟಿ ವಸ್ತುವನ್ನು ಶಾಶ್ವತವಾಗಿ ಬಿಗಿಯುವ ಕಡೆ ಬಾಟಲಿ. ಮೆತ್ತನೆಯ ವೈರಿನ ಮೇಲೆ ಬಾಟಲಿ ಪಟ್ಟಿಯನ್ನು ಬಿಸಿ ಮಾಡಿ ಕುಗ್ಗಿಸಲೇಬೇಡಿ. ಮನೆಯ ವೈರಿನ ಪಿವಿಸಿ ಹೊದಿಕೆ ಸಾಮಾನ್ಯವಾಗಿ 70 ಡಿಗ್ರಿಗೆ ಅಂತಲೇ ಮಾಡಿದ್ದು. ಬಾಟಲಿ ಕುಗ್ಗುವ ಬಿಸಿಗೆ ವೈರಿನ ಹೊದಿಕೆಯೂ ಮೆತ್ತಗಾಗಿ ಕೆಡುತ್ತದೆ.

ಜಿಪ್ ಟೈ, ತಂತಿ ಟೈ, ವೆಲ್ಕ್ರೋ, ಬಟ್ಟೆ

ಪ್ಯಾಕಿಂಗಿನಿಂದ ಬಂದ ಜಿಪ್ ಟೈಯನ್ನು ಹೆಚ್ಚಿನವರು ಕತ್ತರಿಸಿ ಎಸೆಯುತ್ತಾರೆ. ಅದರ ತಲೆಯೊಳಗೆ ಹಲ್ಲು ಹಿಡಿಯುವ ಸಣ್ಣ ನಾಲಿಗೆ ಇದೆ. ಗುಂಡುಸೂಜಿಯಿಂದ ಅದನ್ನು ಎತ್ತಿ ಹಿಡಿದು ಬಾಲವನ್ನು ಹಿಂದಕ್ಕೆ ಎಳೆದರೆ ಟೈ ಪೂರ್ತಿ ಬಿಚ್ಚಿ ಬರುತ್ತದೆ, ಮತ್ತೆ ಬಳಸಬಹುದು. ನಾಲ್ಕಾರು ಸಲ ಹೀಗೆ ಮಾಡಿದ ಮೇಲೆ ನಾಲಿಗೆ ಸೋಲುತ್ತದೆ, ಆಗ ಭಾರ ಬೀಳುವ ಕಡೆ ಹಾಕಬೇಡಿ. ಟೈಗಳು ನೈಲಾನಿನವು. ಬಿಳಿಯದು ಬಿಸಿಲಿಗೆ ಬೇಗ ಬಿರುಸಾಗಿ ಮುರಿಯುತ್ತದೆ. ಹೊರಗೆ ಹಾಕುವುದಿದ್ದರೆ ಕಪ್ಪು ಟೈ ತಾಳುತ್ತದೆ, ಅದರ ಕಾರ್ಬನ್ ಬಿಸಿಲನ್ನು ತಡೆಯುತ್ತದೆ.

ಜಿಪ್ ಟೈಯ ದೊಡ್ಡ ದೋಷ ಅದು ಬಿಗಿಯಾಗುವ ರೀತಿ. ಇನ್ನೊಂದು ಹಲ್ಲು, ಇನ್ನೊಂದು ಹಲ್ಲು ಎಂದು ಎಳೆಯುತ್ತಲೇ ಇರುತ್ತೇವೆ. ಇಂಟರ್ನೆಟ್ಟಿನ ನೆಟ್‌ವರ್ಕ್ ಕೇಬಲ್ಲಿನ ಒಳಗೆ ಜೋಡಿ ಜೋಡಿಯಾಗಿ ಹೊಸೆದ ಎಳೆಗಳಿರುತ್ತವೆ. ಹೊದಿಕೆ ಒಳಕ್ಕೆ ಒತ್ತುವಷ್ಟು ಬಿಗಿದರೆ ಆ ಹೊಸೆತದ ಆಕಾರ ಕೆಟ್ಟು ಸಿಗ್ನಲ್ ಹಾಳಾಗುತ್ತದೆ. ಇಂಥ ಕೇಬಲ್ಲನ್ನು ಬಗ್ಗಿಸುವಾಗಲೂ ಬಾಗಿನ ತ್ರಿಜ್ಯ ಅದರ ದಪ್ಪದ ನಾಲ್ಕರಷ್ಟಕ್ಕಿಂತ ಚಿಕ್ಕದಾಗಬಾರದು. 6 ಮಿ.ಮೀ. ದಪ್ಪದ ಕೇಬಲ್ ಆದರೆ 24 ಮಿ.ಮೀ. ಒಳಗೆ ನಾರು ಗಾಜಿನದಾದ ಫೈಬರ್ ಕೇಬಲ್ ಇನ್ನೂ ಸೂಕ್ಷ್ಮ. ಈ ಎರಡಕ್ಕೂ ನನ್ನ ಆಯ್ಕೆ ವೆಲ್ಕ್ರೋ. ಹಳೆ ಬೂಟು, ಬ್ಯಾಗು, ಮಳೆ ಕೋಟಿನಿಂದ ಬಿಚ್ಚಿಕೊಳ್ಳಿ. ಒರಟು ಮೈಯ ತುಂಡು ಮತ್ತು ಮೆತ್ತನೆ ಮೈಯ ತುಂಡನ್ನು ಬೆನ್ನಿಗೆ ಬೆನ್ನು ಸೇರಿಸಿ ಹೊಲಿದರೆ ಸುತ್ತಿ ತನ್ನ ಮೇಲೆ ತಾನೇ ಅಂಟಿಕೊಳ್ಳುವ ಪಟ್ಟಿ ಸಿದ್ಧ. ಧೂಳು, ಕೂದಲು ಸೇರಿ ಹಿಡಿತ ಕಡಿಮೆಯಾದರೆ ಹಳೆ ಟೂತ್‌ಬ್ರಷ್ಷಿನಿಂದ ಉಜ್ಜಿ. ವೆಲ್ಕ್ರೋ ಅತಿ ಬಿಗಿಯಾಗುವುದಿಲ್ಲ. ಅದೇ ಅದರ ಒಳ್ಳೆಯ ಗುಣ.

ಹೊಸ ಸಾಮಾನಿನ ಜೊತೆ ಬರುವ, ಪ್ಲಾಸ್ಟಿಕ್ ಹೊದ್ದ ತಂತಿ ಟೈ ಮೇಜಿನ ಹಿಂದಿನ ತೆಳು ವೈರುಗಳಿಗೆ ಆಗುತ್ತದೆ. ಎರಡು ತಿರುವು ಸಾಕು. ಒಳಗಿರುವುದು ಲೋಹದ ತಂತಿ, ಹೊದಿಕೆ ಸವೆದು ಹೊರಗೆ ಕಂಡರೆ ಎಸೆಯಿರಿ. ಬರೀ ತಂತಿಯಿಂದ ವೈರು ಕಟ್ಟುವುದಂತೂ ಬೇಡವೇ ಬೇಡ.

ಬಟ್ಟೆ ಪಟ್ಟಿ, ಶೂ ಲೇಸ್ ಇವೆರಡೂ ಒಣಗಿದ ಜಾಗದಲ್ಲಿ ಪರವಾಗಿಲ್ಲ. ಹತ್ತಿ ಬಟ್ಟೆ ತೇವ ಹಿಡಿದು ಬೂಷ್ಟು ಬರಿಸುತ್ತದೆ. ದುಂಡನೆಯ ನೈಲಾನ್ ಲೇಸ್ ಗಂಟು ಜಾರುತ್ತದೆ, ಚಪ್ಪಟೆ ಲೇಸ್ ವಾಸಿ.

ಎಟಿಎಂ ಕಾರ್ಡಿನ ಬಗ್ಗೆ ಒಂದು ಮಾತು. ಅದರ ಎರಡು ಬದಿಯಲ್ಲಿ ಅರ್ಧ ಚಂದ್ರಾಕಾರಕ್ಕೆ ಕತ್ತರಿಸಿ, ಒಂದು ಮೂಲೆಯಲ್ಲಿ ಸಣ್ಣ ಸೀಳು ಹಾಕಿದರೆ ಇಯರ್‌ಫೋನ್ ಸುತ್ತಿಡುವ ಹಲಗೆ ಆಗುತ್ತದೆ. ಚಿಪ್ ಮತ್ತು ಕಪ್ಪು ಪಟ್ಟಿಯನ್ನು ಮೊದಲೇ ಕತ್ತರಿಸಿ ಹಾಳು ಮಾಡಿ, ಮೇಲಿನ ನಂಬರನ್ನು ಕೆರೆದುಬಿಡಿ. ಕಾಗದದ ಕ್ಲಿಪ್ಪು, ರಟ್ಟಿನ ಸುರುಳಿ, ಬಟ್ಟೆ ಕ್ಲಿಪ್ಪು ಇವೆಲ್ಲ ವೈರನ್ನು ಮೇಜಿನ ಅಂಚಿಗೆ ನಿಲ್ಲಿಸಲು, ಡ್ರಾಯರಿನಲ್ಲಿ ಬೇರೆ ಬೇರೆ ಇಡಲು ಸಾಕು. ಅದರ ಬಗ್ಗೆ ಜಾಸ್ತಿ ಹೇಳುವಂಥದ್ದೇನಿಲ್ಲ.

ಆದರೆ ಥರ್ಮೋಕೋಲ್ ಬಗ್ಗೆ ಹೇಳಲೇಬೇಕು. ಟಿವಿ ಡಬ್ಬದ ಥರ್ಮೋಕೋಲಿನಲ್ಲಿ ಗೀರು ಹಾಕಿ ವೈರು ಕೂರಿಸುವುದು ನೋಡಲು ಅಚ್ಚುಕಟ್ಟು. ಪಿವಿಸಿ ವೈರನ್ನು ಮೆತ್ತಗಿಡಲು ಅದರಲ್ಲಿ ಎಣ್ಣೆಯಂಥ ಪದಾರ್ಥ ಬೆರೆಸಿರುತ್ತಾರೆ. ಥರ್ಮೋಕೋಲಿಗೆ ತಾಗಿಕೊಂಡಿದ್ದರೆ ಆ ಪದಾರ್ಥ ನಿಧಾನಕ್ಕೆ ಅದರೊಳಗೆ ಸೇರುತ್ತದೆ. ಥರ್ಮೋಕೋಲ್ ಕರಗಿ ವೈರಿಗೆ ಅಂಟುತ್ತದೆ, ವೈರಿನ ಹೊದಿಕೆ ಬಿರುಸಾಗುತ್ತದೆ. ಮಡಚಿದರೆ ಬಿರುಕು ಬಿಡುತ್ತದೆ. ವರ್ಷಾನುಗಟ್ಟಲೆ ಡಬ್ಬದಲ್ಲೇ ಇಟ್ಟ ಹಳೆ ಸಾಮಾನಿನ ವೈರು ಥರ್ಮೋಕೋಲಿಗೆ ಕಚ್ಚಿಕೊಂಡಿರುವುದನ್ನು ನೋಡಿದ್ದರೆ, ಅದು ಇದೇ.

ಚಾರ್ಜರ್ ಕೇಬಲ್ಲಿನ ಕುತ್ತಿಗೆ

ಮೊಬೈಲ್ ಕೇಬಲ್ ಯಾವಾಗಲೂ ತುದಿಯ ಹತ್ತಿರವೇ ಹರಿಯುತ್ತದೆ. ಗಟ್ಟಿ ಭಾಗ ಮುಗಿದು ಮೆತ್ತನೆ ಭಾಗ ಶುರುವಾಗುವ ಜಾಗದಲ್ಲೇ ಬಾಗುವುದೆಲ್ಲ ನಡೆಯುತ್ತದೆ. ಇದಕ್ಕೆ ಪೆನ್ನಿನ ಸ್ಪ್ರಿಂಗ್ ಸುತ್ತುವುದು ಎಲ್ಲರಿಗೂ ಗೊತ್ತಿರುವ ಉಪಾಯ. ನನಗೆ ಅದು ಅಷ್ಟಾಗಿ ಒಪ್ಪಿಗೆಯಿಲ್ಲ. ಸ್ಪ್ರಿಂಗಿನ ಹರಿತ ತುದಿ ಮೆತ್ತನೆ ಹೊದಿಕೆಯನ್ನು ಕೊರೆಯುತ್ತದೆ. ಪೆನ್ನಿನ ಕೊಳವೆ, ಸ್ಟ್ರಾ ತೊಡಿಸುವುದು ಇನ್ನೂ ಕಡೆ. ಗಟ್ಟಿ ಕೊಳವೆ ಬಾಗುವ ಜಾಗವನ್ನು ಇಲ್ಲಿಂದ ಎರಡು ಇಂಚು ಆಚೆಗೆ ದಾಟಿಸುತ್ತದೆ ಅಷ್ಟೇ. ನಾಳೆ ಅಲ್ಲಿ ಹರಿಯುತ್ತದೆ.

ಬೇಕಾದದ್ದು ನಿಧಾನಕ್ಕೆ ಮೆತ್ತಗಾಗುತ್ತಾ ಹೋಗುವ ಸುತ್ತು. ಟ್ಯೂಬಿನಿಂದ 1 ಸೆಂ.ಮೀ. ಅಗಲದ ಪಟ್ಟಿ ತೆಗೆಯಿರಿ. ಒಂದು ತುದಿ ಚೂಪಾಗುವಂತೆ ಓರೆಯಾಗಿ ಕತ್ತರಿಸಿ. ಅಗಲದ ತುದಿಯಿಂದ, ಪ್ಲಗ್ಗಿನ ಗಟ್ಟಿ ಭಾಗದ ಮೇಲೆ ಶುರುಮಾಡಿ. ಅಲ್ಲಿ ಮೂರು ಪದರ ಬರಲಿ. ಮುಂದೆ ಹೋಗುತ್ತಾ ಎರಡು, ಆಮೇಲೆ ಒಂದು. ಪ್ರತಿ ಸುತ್ತೂ ಹಿಂದಿನದರ ಅರ್ಧವನ್ನು ಮುಚ್ಚಬೇಕು. ಮಿತವಾಗಿ ಎಳೆಯಿರಿ. ಕೊನೆಯ ಎರಡು ಸುತ್ತನ್ನು ಪೆನ್ಸಿಲ್ ತುದಿಯಿಂದ ಸ್ವಲ್ಪ ಎತ್ತಿ, ಪಟ್ಟಿಯ ಚೂಪು ತುದಿಯನ್ನು ಅದರ ಕೆಳಗೆ ತೂರಿಸಿ ಎಳೆದರೆ ಅಂಟು ಬೇಡ. ಇದು ಹೊದಿಕೆ ಇನ್ನೂ ಹರಿಯದ, ಅಥವಾ ಹೊರಗಿನ ಪದರ ಮಾತ್ರ ಬಿರುಕು ಬಿಟ್ಟ ಮೊಬೈಲ್ ಕೇಬಲ್ಲಿಗೆ ಮಾತ್ರ. ಒಳಗಿನ ಬಣ್ಣದ ಎಳೆ ಕಂಡರೆ, ಚಾರ್ಜ್ ಆಗುವಾಗ ತುದಿ ಬಿಸಿಯಾದರೆ, ಆ ಕೇಬಲ್ಲಿನ ಆಯಸ್ಸು ಮುಗಿಯಿತು.

ಸಡಿಲ ಸ್ಕ್ರೂ, ಅಲುಗಾಡುವ ಕಾಲು

ಬಾಗಿಲ ಹಿಂಜಿನ ಸ್ಕ್ರೂ ತಿರುಗುತ್ತಲೇ ಇದೆ, ಕಚ್ಚುತ್ತಿಲ್ಲ. ಇದಕ್ಕೆ ಮೂರು ದಾರಿ. ಮೊದಲನೆಯದು ಮರದ ಕಡ್ಡಿ: ಮದ್ದು ತೆಗೆದ ಬೆಂಕಿಕಡ್ಡಿ, ಐಸ್‌ಕ್ರೀಂ ಕಡ್ಡಿಯ ಸೀಳು, ಹಲ್ಲುಕಡ್ಡಿ. ಬಿಳಿ ಮರದ ಅಂಟಿನಲ್ಲಿ ಅದ್ದಿ, ತೂತು ಬಿಗಿಯಾಗುವಷ್ಟು ತುರುಕಿ, ರಾತ್ರಿಯಿಡೀ ಬಿಟ್ಟು, ಮೇಲೆ ಉಳಿದದ್ದನ್ನು ಕತ್ತರಿಸಿ ಸ್ಕ್ರೂ ಹಾಕಿ. ಒಣ ಜಾಗದ ಗಟ್ಟಿ ಮರಕ್ಕೆ ಇದನ್ನು ಮೀರಿಸುವುದಿಲ್ಲ. ಎರಡನೆಯದು ಕತ್ತರಿಸಿದ ಜಿಪ್ ಟೈಯ ಬಾಲ. ಅಂಟು ಬೇಡ, ಕಾಯುವುದೂ ಬೇಡ. ಹಲ್ಲಿನ ಮೈ ಸ್ಕ್ರೂ ಕಡೆಗೆ ಇರುವಂತೆ ಒಂದೆರಡು ತುಂಡು ಇಳಿಸಿ ಸ್ಕ್ರೂ ಬಿಗಿಯಿರಿ. ಸ್ನಾನದ ಮನೆಯ ಬಾಗಿಲಿನಂಥ ತೇವದ ಜಾಗಕ್ಕೆ ಇದೇ ಸರಿ, ಯಾಕೆಂದರೆ ಬಿಳಿ ಅಂಟು ನೀರಿಗೆ ಮೆತ್ತಗಾಗುತ್ತದೆ. ಮೂರನೆಯದು ಕಾಗದ ಇಲ್ಲವೇ ಬಟ್ಟೆ ತುರುಕುವುದು. ಅದನ್ನು ಬಿಟ್ಟುಬಿಡಿ.

ಮರದ ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡಿನ ಕಪಾಟಿನಲ್ಲಿ ತೂತಿನ ಸುತ್ತಲೂ ಪುಡಿಯಾಗಿದ್ದರೆ ಕಡ್ಡಿಗೆ ಹಿಡಿಯಲು ಗಟ್ಟಿ ಜಾಗವೇ ಇರುವುದಿಲ್ಲ. ಅಂಥಲ್ಲಿ ಪುಡಿಯಾದದ್ದನ್ನೆಲ್ಲ ಕೆರೆದು ತೂತನ್ನು ದೊಡ್ಡದು ಮಾಡಿ, ಅಂಟು ಹಾಕಿ ದಪ್ಪ ಮರದ ಬೆಣೆ ಹೊಡೆದು, ಅದರಲ್ಲಿ ಹೊಸದಾಗಿ ತೂತು ಕೊರೆಯಬೇಕು. ಗೋಡೆಯ ವಿಷಯ ಬೇರೆ. ಹಸಿ ಮರದ ಬೆಣೆ ಒಣಗಿ ಕುಗ್ಗಿದ ಮೇಲೆ ಸಡಿಲಾಗುತ್ತದೆ. ಪೆನ್ನಿನ ಕೊಳವೆ ಕತ್ತರಿಸಿ ಹೊಡೆದರೆ ಸೀಳಿಹೋಗುತ್ತದೆ. ಕ್ಯಾಲೆಂಡರ್ ಮಟ್ಟಿಗೆ ಏನಾದರೂ ನಡೆಯುತ್ತದೆ. ಕನ್ನಡಿ, ಕಪಾಟು ತೂಗುಹಾಕುವುದಿದ್ದರೆ ಸ್ಕ್ರೂ ಕೂರಿಸಲು ಗೋಡೆಯ ತೂತಿಗೆ ಹಾಕುವ ಸರಿಯಾದ ಪ್ಲಗ್ಗನ್ನೇ ತನ್ನಿ.

ಮೇಜಿನ ಕಾಲು ಕುಂಟುತ್ತಿದ್ದರೆ ರಟ್ಟು ಮಡಚಿ ಇಡುವುದು ಎಲ್ಲರ ಅಭ್ಯಾಸ. ರಟ್ಟು ಅಮುಕಿ ತೆಳ್ಳಗಾಗುತ್ತದೆ, ನೆಲ ಒರೆಸುವಾಗ ನೆನೆಯುತ್ತದೆ. ಎಟಿಎಂ ಕಾರ್ಡಿನ ದಪ್ಪ 0.76 ಮಿ.ಮೀ., ಜಗತ್ತಿನಲ್ಲೆಲ್ಲ ಇದೇ ಅಳತೆ. ಅಮುಕುವುದಿಲ್ಲ, ನೆನೆಯುವುದಿಲ್ಲ. ಎರಡು ತುಂಡು ಇಟ್ಟರೆ ಒಂದೂವರೆ ಮಿಲಿಮೀಟರ್ ಎಂದು ಲೆಕ್ಕ ಹಾಕಿಯೇ ಇಡಬಹುದು. ಇನ್ನೂ ತೆಳುವಾದದ್ದು ಬೇಕಾದರೆ ಪಾನೀಯದ ಅಲ್ಯೂಮಿನಿಯಂ ಡಬ್ಬದ ಗೋಡೆ ಇದೆ, ಸುಮಾರು 0.1 ಮಿ.ಮೀ. ದಪ್ಪ. ಅಂಚು ಬ್ಲೇಡಿನಷ್ಟೇ ಹರಿತ, ಮಡಚಿ ಒತ್ತಿ ಬಳಸಿ.

ಅಂಟು ಹಿಡಿಯದ ಪ್ಲಾಸ್ಟಿಕ್

ಒಡೆದ ಬಕೆಟ್ಟಿಗೆ ಅಂಟು ಹಾಕಿ ಸೋತವರು ಎಷ್ಟೋ ಮಂದಿ. ತಪ್ಪು ಅಂಟಿನದ್ದಲ್ಲ. ತಳದ ತ್ರಿಕೋನದಲ್ಲಿ 2, 4, 5 ಎಂದಿರುವ ಪ್ಲಾಸ್ಟಿಕ್‌ಗಳ ಮೈಗೆ ಮಾಮೂಲಿ ಅಂಟು ಹತ್ತುವುದೇ ಇಲ್ಲ. ಬಕೆಟ್, ಶಾಂಪೂ ಬಾಟಲಿ, ಬಾಟಲಿಗಳ ಮುಚ್ಚಳ ಇವೆಲ್ಲ ಹೆಚ್ಚಾಗಿ ಈ ಗುಂಪಿನವು. 1 ಮತ್ತು 6ಕ್ಕೆ ಅಂಟು ಇವುಗಳಿಗಿಂತ ಚೆನ್ನಾಗಿ ಹಿಡಿಯುತ್ತದೆ.

ಅಂಟದ್ದನ್ನು ಹೊಲಿಯಬೇಕು. ಮೊದಲು ಬಿರುಕು ಎಲ್ಲಿ ನಿಂತಿದೆ ಎಂದು ಬೆಳಕಿಗೆ ಹಿಡಿದು ನೋಡಿ, ಆ ತುದಿಯಲ್ಲಿ 3 ಮಿ.ಮೀ. ತೂತು ಕೊರೆಯಿರಿ. ಚೂಪಾದ ತುದಿಯಲ್ಲಿ ಒತ್ತಡವೆಲ್ಲ ಒಂದೇ ಕಡೆ ಸೇರಿ ಬಿರುಕು ಮುಂದೆ ಓಡುತ್ತದೆ. ದುಂಡನೆಯ ತೂತು ಸಿಕ್ಕರೆ ಆ ಒತ್ತಡ ಹರಡಿ ಅಲ್ಲೇ ನಿಲ್ಲುತ್ತದೆ. ಆಮೇಲೆ ಬಿರುಕಿನ ಎರಡೂ ಬದಿಗೆ, ಅಂಚಿನಿಂದ ಒಂದು ಸೆಂಟಿಮೀಟರ್ ಬಿಟ್ಟು ಜೋಡಿ ತೂತು ಹಾಕಿ, ಹಳೆ ವೈರಿನ ಒಂಟಿ ತಾಮ್ರದ ತಂತಿಯಿಂದಲೋ ಜಿಪ್ ಟೈಯಿಂದಲೋ ಹೊಲಿಯಿರಿ. ತಂತಿ ಗಟ್ಟಿ, ಆದರೆ ತೂತಿನ ಅಂಚನ್ನು ಕೊಯ್ಯುತ್ತದೆ. ಜಿಪ್ ಟೈ ಅಗಲವಾಗಿರುವುದರಿಂದ ಬಕೆಟ್ಟಿಗೆ ಅದೇ ವಾಸಿ. ಹೊಲಿದ ಬಕೆಟ್ ನೀರು ಹಿಡಿಯುವುದಿಲ್ಲ, ಮಣ್ಣು, ಕಸ, ಸಾಮಾನು ಹಿಡಿಯುತ್ತದೆ. ತಾಮ್ರಕ್ಕಾಗಿ ಹಳೆ ವೈರನ್ನು ಸುಡಬೇಡಿ, ಪಿವಿಸಿ ಸುಟ್ಟ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಹೊದಿಕೆಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದರೆ ತಂತಿ ಹಾಗೇ ಹೊರಬರುತ್ತದೆ.

ಸೂಪರ್ ಗ್ಲೂ ಬಳಸುವವರಿಗೆ ಒಂದು ಎಚ್ಚರಿಕೆ. ಚೆಲ್ಲಿದ್ದನ್ನು ಹತ್ತಿ ಬಟ್ಟೆಯಿಂದ ಒರೆಸಲು ಹೋಗಬೇಡಿ. ಹತ್ತಿಗೆ ತಾಗಿದ ಕೂಡಲೇ ಅದು ರಭಸದಿಂದ ಗಟ್ಟಿಯಾಗುತ್ತದೆ, ಕೈ ಸುಡುವಷ್ಟು ಬಿಸಿ ಹುಟ್ಟುತ್ತದೆ.

ತೋಟದ ಪೈಪು ಸೋರಿದರೆ ಟ್ಯೂಬಿನ ಪಟ್ಟಿಯೇ. ಮೈ ಒಣಗಿಸಿ, ಸೋರುವ ಜಾಗದ ಎರಡೂ ಕಡೆ ನಾಲ್ಕು ಬೆರಳು ಬಿಟ್ಟು, ಈ ಸಲ ಚೆನ್ನಾಗಿ ಎಳೆದು ಎರಡು ಮೂರು ಪದರ ಸುತ್ತಿ, ಮೇಲೆ ಒಂದು ಕ್ಲ್ಯಾಂಪ್ ಬಿಗಿಯಿರಿ. ಗಿಡಕ್ಕೆ ನೀರು ಬಿಡಲು ಸಾಕು. ಕುಡಿಯುವ ನೀರಿನ ಪೈಪಿಗೆ ಇದು ಬೇಡ. ಕೊಳವೆ ಒಡೆದು ರಾತ್ರಿ ನೀರು ಹರಿಯುತ್ತಿದ್ದರೆ ಬೆಳಗಿನವರೆಗೆ ತಡೆಯಬಹುದು, ಅಷ್ಟೇ.

ಎಲ್ಲಿ ಕೈ ಹಾಕಬಾರದು

ಗೋಡೆಯ ಪ್ಲಗ್ಗಿನಿಂದ ನೇರ ಬರುವ ವೈರಿನ ಹೊದಿಕೆ ಹರಿದಿದ್ದರೆ ಟ್ಯೂಬೂ ಇಲ್ಲ, ಬಾಟಲಿಯೂ ಇಲ್ಲ, ಬಟ್ಟೆಯೂ ಇಲ್ಲ. ಪ್ಲಗ್ ತೆಗೆದು ವೈರನ್ನೇ ಬದಲಾಯಿಸಿ. ಈ ಹಳೆ ವಸ್ತುಗಳಿಗೆಲ್ಲ ಬೆಂಕಿ ಹತ್ತುತ್ತದೆ. ಕರೆಂಟಿನ ಕೆಲಸಕ್ಕೆ ಮಾಡಿದ ಸಾಮಾನಿಗೆ ಬೇಗ ಉರಿಯದ ಗುಣ ಕೊಟ್ಟಿರುತ್ತಾರೆ, ಸೋಡಾ ಬಾಟಲಿಗೆ ಯಾರೂ ಅದನ್ನು ಕೊಟ್ಟಿಲ್ಲ.

ಅಂದವಾಗಿ ಕಟ್ಟುವ ಹುಮ್ಮಸ್ಸಿನಲ್ಲಿ ಮರೆಯುವುದು ಇನ್ನೊಂದಿದೆ. ಹೀಟರ್, ಇಸ್ತ್ರಿ ಪೆಟ್ಟಿಗೆಯಂಥವಕ್ಕೆ ಹಾಕಿದ ಎಕ್ಸ್‌ಟೆನ್ಷನ್ ವೈರನ್ನು ಸುರುಳಿ ಕಟ್ಟಿಟ್ಟೇ ಓಡಿಸಬೇಡಿ. ಕರೆಂಟ್ ಹರಿಯುವಾಗ ಹುಟ್ಟುವ ಬಿಸಿ ಸುರುಳಿಯ ಒಳಗೆ ಸಿಕ್ಕಿಕೊಳ್ಳುತ್ತದೆ, ಹೊದಿಕೆ ಕರಗುವವರೆಗೂ ಹೋಗಬಹುದು. ಬಳಸುವಾಗ ಪೂರ್ತಿ ಬಿಚ್ಚಿ, ಎತ್ತಿಡುವಾಗ ಕಟ್ಟಿ. ಚಾರ್ಜರಿನ ಅಡಾಪ್ಟರುಗಳನ್ನು ಒಟ್ಟಿಗೆ ಸುತ್ತಿ ಬಟ್ಟೆ ಚೀಲದೊಳಗೆ ಅಡಗಿಸುವುದೂ ಅಷ್ಟೇ ಅಪಾಯ. ವೈರಿನ ಮೇಲೆ ಮೊಳೆ ಬಗ್ಗಿಸಿ ಹೊಡೆಯುವುದು, ಸ್ಟೇಪ್ಲರ್ ಪಿನ್ ಹೊಡೆಯುವುದು ಬೇಡ. ಗೋಡೆಗುಂಟ ಒಯ್ಯಬೇಕಿದ್ದರೆ ಹಳೆ ದಪ್ಪ ಕೇಬಲ್ಲಿನ ಖಾಲಿ ಹೊದಿಕೆಯನ್ನು ಬೆರಳುದ್ದ ಕತ್ತರಿಸಿ, ಉದ್ದಕ್ಕೆ ಸೀಳಿ, ಬೆನ್ನಿಗೆ ಸ್ಕ್ರೂ ಹಾಕಿ ಕೂರಿಸಿ. ವೈರನ್ನು ಆ ಸೀಳಿನಿಂದ ಒಳಗೆ ಒತ್ತಿದರೆ ನಿಲ್ಲುತ್ತದೆ, ಎಳೆದರೆ ಬರುತ್ತದೆ. ಸ್ಕ್ರೂ ತಲೆ ವೈರಿಗೆ ತಾಗದಂತೆ ಚಪ್ಪಟೆ ತಲೆಯದ್ದನ್ನೇ ಆರಿಸಿ, ಗೋಡೆಯೊಳಗೆ ವೈರಿಂಗ್ ಹೋಗಿರುವ ಜಾಗದಲ್ಲಿ ಕೊರೆಯಬೇಡಿ.

ಇನ್ನು ಎತ್ತಿಡುವುದು. ಟ್ಯೂಬನ್ನು ತೊಳೆದು, ಉಂಗುರ ಮಾಡಿ, ಎಳೆಯದೆ ಮಡಚದೆ ಕತ್ತಲ ಡಬ್ಬಿಯಲ್ಲಿಡಿ. ಬಾಟಲಿಯನ್ನು ಬಾಟಲಿಯಾಗಿಯೇ ಇಡಿ, ಪಟ್ಟಿ ಬೇಕಾದಾಗ ಕತ್ತರಿಸಿ. ಮೊದಲೇ ಕತ್ತರಿಸಿಟ್ಟರೆ ಸುರುಳಿ ಬಿಚ್ಚಿಕೊಂಡು ಡಬ್ಬಿಯಿಂದ ಹೊರಗೆ ಬರುತ್ತದೆ, ಅಗಲವೂ ಆ ಹೊತ್ತಿನ ಕೆಲಸಕ್ಕೆ ಸರಿಹೋಗುವುದಿಲ್ಲ. ವೆಲ್ಕ್ರೋದ ಒರಟು ಮೈಯನ್ನು ಮೆತ್ತನೆ ಮೈಗೆ ಅಂಟಿಸಿಯೇ ಇಡಬೇಕು, ಇಲ್ಲದಿದ್ದರೆ ಡಬ್ಬಿಯಲ್ಲಿರುವ ದಾರ ಧೂಳೆಲ್ಲ ಅದಕ್ಕೇ.